ಜೋಡಿ ಮಂಗಟ್ಟೆ ಖಾರದ ಕೇಸು

ಬಾಗಿಲ ಕೆಳಗಿನ ಸಂದಿಯಲ್ಲಿ ಮೊದಲು ಬೆಳಕು ಹೋಯಿತು. ಆಮೇಲೆ ಹೊಗೆ ಬಂತು.

ಬರೀ ಹೊಗೆಯಾಗಿದ್ದರೆ ನಾನು ಅಷ್ಟು ಚಿಂತೆ ಮಾಡುತ್ತಿರಲಿಲ್ಲ. ಇದು ಒಣ ಮೆಣಸಿನಕಾಯಿಯ ಹೊಗೆ.

ಒಗ್ಗರಣೆಯಲ್ಲಿ ಎರಡು ಮೆಣಸಿನಕಾಯಿ ಸೀದರೆ ಓಣಿಯೆಲ್ಲ ಸೀನುತ್ತದೆ, ನಿಮಗೂ ಗೊತ್ತು. ಇಲ್ಲಿ ಒಂದು ಬುಟ್ಟಿ ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುರಿದಿದ್ದರು. ಆ ಕೆಂಡವನ್ನು ನನ್ನ ಬಾಗಿಲ ಬುಡಕ್ಕೆ ತಂದಿಟ್ಟು, ಹೊರಗೆ ಕೂತು ಮೊರದಿಂದ ಒಳಕ್ಕೆ ಬೀಸುತ್ತಿದ್ದರು.

ಬಾಗಿಲಿಗೆ ಹೊರಗಿನಿಂದ ಚಿಲಕ. ಕಿಟಕಿ ಇಲ್ಲ. ಸುತ್ತ ಗೋಡೆ, ಮೇಲೆ ಹೆಂಚು, ನಡುವೆ ಮೆಣಸಿನಕಾಯಿ ಚೀಲಗಳು ಮತ್ತು ನಾನು.

"ಲಗಮಪ್ಪಾ..." ಹೊರಗಿನಿಂದ ಈಶಪ್ಪ ಸಾವಕಾರನ ದನಿ. ಹಳಿಯಾಳ ಪೇಟೆಯ ಕಿರಾಣಿ ವ್ಯಾಪಾರದಲ್ಲಿ ಅವನೇ ದೊಡ್ಡವನು. ದನಿಯಲ್ಲಿ ಸಿಟ್ಟಿರಲಿಲ್ಲ. ಬೀಗರನ್ನು ಊಟಕ್ಕೆ ಕರೆಯುವ ಹಾಗಿತ್ತು. "ಘಾಟು ಜಾಸ್ತಿ ಆತೇನು?"

"ಇಲ್ಲ ತಗೋರಿ," ಅಂದೆ. "ಬ್ಯಾಡಗಿ ಅಲ್ಲೇನು? ಬಣ್ಣ ಜಾಸ್ತಿ, ಖಾರ ಕಡಿಮಿ."

ಹೊರಗೆ ಮೊರ ಬೀಸುವುದು ನಿಂತಿತು.

"ಮುದಕಪ್ಪಾ, ಗುಂಟೂರದ್ದು ಹಾಕು," ಅಂದ ಸಾವಕಾರ ತನ್ನ ಆಳಿಗೆ.

ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

"ಗೋದುಬಾಯಿಗೆ ಹೋಗಿ ಹೇಳು. ಸೋಮವಾರದೊಳಗ ಅಕಿ ಅಂಗಡಿ ಬೋರ್ಡ್ ಇಳೀಬೇಕು. ಮಂಗಟ್ಟಿ ಚಿತ್ರ ಅಳಿಸಬೇಕು. ಹೇಳತೇನಿ ಅನ್ನು, ಈಗ ಚಿಲಕ ತೆಗೀತೇನಿ."

"ಹೇಳಾಕ ಗಂಟಲಾ ಉಳೀಬೇಕಲ್ರಿ ಸಾವಕಾರ್ರ..."

ಅಷ್ಟಕ್ಕೇ ಕೆಮ್ಮು ಹಿಡಿಯಿತು. ಕಣ್ಣು ಉರಿಯತೊಡಗಿತು. ಟವೆಲನ್ನು ಮುಖಕ್ಕೆ ಸುತ್ತಿಕೊಂಡು ನೆಲಕ್ಕೆ ಮಲಗಿದೆ. ಹೊಗೆ ಮೇಲೇರುತ್ತದೆ, ನೆಲದ ಹತ್ತಿರ ಒಂದಿಷ್ಟು ಗಾಳಿ ಇರುತ್ತದೆ. ತೆವಳಿಕೊಂಡು ಹಿಂದಿನ ಗೋಡೆಯತ್ತ ಹೊರಟೆ. ಮೂಲೆಯಲ್ಲಿ ಒಂದು ಸಣ್ಣ ಚೀಲ ಕೈಗೆ ತಗುಲಿತು. ಒಳಗೆ ಮೆಣಸಿನಕಾಯಿ ಇರಲಿಲ್ಲ. ಗಟ್ಟಿ ಹರಳುಗಳಿದ್ದವು. ಕಲ್ಲುಸಕ್ಕರೆ ಇರಬೇಕು, ಗಂಟಲಿಗೆ ಒಳ್ಳೆಯದು ಎಂದು ಒಂದನ್ನು ಬಾಯಿಗೆ ಹಾಕಿಕೊಂಡೆ.

ನಾಲಿಗೆ ಮಡಚಿಕೊಂಡಿತು. ಬಾಯೆಲ್ಲ ಒಗರು.

ಪಟಕ!

ಗಡ್ಡ ಕೆರೆದ ಮೇಲೆ ಹಜಾಮರು ಕೆನ್ನೆಗೆ ತಿಕ್ಕುತ್ತಾರಲ್ಲ, ಹೊಳೆಯ ರಾಡಿ ನೀರು ತಿಳಿಯಾಗಲೆಂದು ಕೊಡಕ್ಕೆ ಹಾಕುತ್ತಾರಲ್ಲ, ಅದೇ ಪಟಕ. ಖಾರದ ಗೋದಾಮಿನಲ್ಲಿ ಅದಕ್ಕೇನು ಕೆಲಸ?

ಆ ಹೊಗೆಯಲ್ಲೂ ನನಗೆ ನಗು ಬಂತು. ಕೇಸು ಅಲ್ಲೇ ಮುಗಿದಿತ್ತು. ನಾನು ಮುಗಿಯದೆ ಹೊರಗೆ ಬರುವುದೊಂದೇ ಬಾಕಿ.

ಯಾಕೆ ನಗು ಅಂತ ತಿಳಿಯಬೇಕಾದರೆ ಹಿಂದಿನದನ್ನು ಹೇಳಬೇಕು. ಚಹಾ ಆರುತ್ತಿದೆ, ನೀವು ಕುಡಿಯಿರಿ.

ಇದು ಅರವತ್ತೆರಡರ ಬೇಸಿಗೆಯ ಮಾತು. ನಾನು ಮೊದಲು ಫಾರೆಸ್ಟ್ ಗಾರ್ಡ್ ಆಗಿದ್ದೆ. ಆಮೇಲೆ ದಾಂಡೇಲಿಯಲ್ಲಿ ಕಟ್ಟಿಗೆ ಕಂತ್ರಾಟದಾರರ ಕಳುವಾದ ದಿಮ್ಮಿಗಳನ್ನು ಹುಡುಕಿಕೊಡುವ ಕೆಲಸ ಹಿಡಿದೆ. ಕಡಿದ ಸಾಗವಾನಿಯ ತಲೆಗೆ ಪ್ರತಿಯೊಬ್ಬ ಕಂತ್ರಾಟದಾರನೂ ತನ್ನ ಗುರುತಿನ ಸುತ್ತಿಗೆ ಹೊಡೆದಿರುತ್ತಾನೆ. ಕಳ್ಳರು ಅದೇ ಗುರುತಿನ ಖೊಟ್ಟಿ ಸುತ್ತಿಗೆ ಮಾಡಿಸುತ್ತಾರೆ. ಅಸಲು ಯಾವುದು, ಖೊಟ್ಟಿ ಯಾವುದು ಎಂದು ಹೇಳುವುದು ನನ್ನ ಹೊಟ್ಟೆಪಾಡು.

ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ. ಕಳ್ಳನಿಗೆ ಯಾವುದು ಬೇಕು, ಯಾವುದು ಬೇಡ ಅನ್ನುವುದು ಗೊತ್ತಿರುವುದಿಲ್ಲ. ಅಸಲು ಸುತ್ತಿಗೆಯ ಅಂಚು ಎಲ್ಲೋ ಬಿದ್ದು ಒಡೆದಿದ್ದರೆ ಆ ಒಡಕನ್ನೂ ಬಿಡದೆ ನಕಲು ಮಾಡುತ್ತಾನೆ. ಹಾಗಾಗಿ ನಾನು ಒಳ್ಳೆಯ ಅಚ್ಚನ್ನು ನೋಡುವುದೇ ಇಲ್ಲ, ಒಡಕನ್ನು ನೋಡುತ್ತೇನೆ.

ಗೋದುಬಾಯಿ ನನ್ನನ್ನು ಕರೆಸಿದ್ದು ಅದಕ್ಕೇ.

ಅವಳು ಬೆಳಗಾವಿ ಕಡೆಯವಳು. ಗಂಡ ಪೇಪರ್ ಮಿಲ್ಲಿನಲ್ಲಿದ್ದ, ತೀರಿಕೊಂಡ. ಮಿಲ್ಲಿಗೆ ಬಂದ ಧಾರವಾಡ, ಬೆಳಗಾವಿ ಮಂದಿಗೆ ಊರಿನ ಮಸಾಲೆ ಖಾರವಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಗೋದುಬಾಯಿ ದಾಂಡೇಲಿ ಪೇಟೆಯ ಹಿಂದೆ ಒಂದು ಶೆಡ್ಡು ಹಿಡಿದು, ಆರು ಹೆಂಗಸರನ್ನು ಕೂಡಿಸಿಕೊಂಡು ಖಾರ ಕುಟ್ಟಲು ಕೂತಳು. ಪೊಟ್ಟಣದ ಮೇಲೆ ಒಂದೇ ಟೊಂಗೆಗೆ ಕೂತ ಎರಡು ಮಂಗಟ್ಟೆ ಹಕ್ಕಿ. ಜೋಡಿ ಮಂಗಟ್ಟೆ ಖಾರ. ಜೋಯಿಡಾದಿಂದ ಮುಂಡಗೋಡದ ತನಕ ಹೆಂಗಸರು ಆ ಹಕ್ಕಿ ನೋಡಿಯೇ ಕೊಳ್ಳುತ್ತಿದ್ದರು. ಓದಲು ಬರಬೇಕಾದ ಕೆಲಸವೇ ಇರಲಿಲ್ಲ.

ಅವಳು ನನ್ನ ಮುಂದೆ ಎರಡು ಪೊಟ್ಟಣ ಇಟ್ಟಳು.

"ಲಗಮಣ್ಣಾ, ಇದರಾಗ ನಂದು ಯಾವುದು, ಹೇಳು."

ಎರಡರಲ್ಲೂ ಅದೇ ಟೊಂಗೆ, ಅದೇ ಹಕ್ಕಿ. ಎರಡರಲ್ಲೂ ಎಡಗಡೆಯ ಹಕ್ಕಿಯ ಕೊಕ್ಕಿನ ತುದಿ ಇರಲಿಲ್ಲ.

"ಕೊಕ್ಕು ಯಾಕ ಮುರದೈತಿ?"

"ನನ್ನ ಕಟ್ಟಿಗಿ ಅಚ್ಚು ಒಮ್ಮೆ ಕೈಜಾರಿ ಬಿದ್ದು ಚಕ್ಕಿ ಎದ್ದಿತ್ತು. ಹಂಗs ಒತ್ತಿಸಿಕೋತ ಬಂದೆ."

"ಹಂಗಾರ ಇನ್ನೊಂದು ಖೊಟ್ಟಿ. ನಿಮ್ಮ ಒಡಕನ್ನೂ ಕದ್ದಾನ."

"ಕದ್ದಾಂವ ನನಗs ನೋಟೀಸ್ ಕೊಟ್ಟಾನಪ್ಪಾ."

ಅದು ಈಶಪ್ಪ ಸಾವಕಾರನ ನೋಟೀಸು. ಜೋಡಿ ಮಂಗಟ್ಟೆ ತನ್ನ ಮನೆತನದ ಗುರುತು, ಖಾರ ತನ್ನ ಅಜ್ಜನ ಕಾಲದ ಗುಟ್ಟಿನ ಖಾರ, ಗೋದುಬಾಯಿ ಎರಡನ್ನೂ ಕದ್ದಿದ್ದಾಳೆ, ಸೋಮವಾರದೊಳಗೆ ನಿಲ್ಲಿಸದಿದ್ದರೆ ದಾವೆ. ಟ್ರೇಡ್ ಮಾರ್ಕಿಗೆ ಹೊಸ ಕಾಯ್ದೆ ಬಂದಿತ್ತು. ಮುಂಬೈ ಆಫೀಸಿಗೆ ಅರ್ಜಿಯನ್ನೂ ಹಾಕಿದ್ದನಂತೆ. ಗೋದುಬಾಯಿ ಅರ್ಜಿ ಹಾಕಿರಲಿಲ್ಲ. ತನ್ನ ಹಕ್ಕಿ ತನ್ನದು ಎಂದು ಸರಕಾರಕ್ಕೆ ಹೇಳಬೇಕಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

"ನಾ ಮೊದಲು ಮಾಡಿದ್ದು ಅಂದ್ರ, ಅಂವಾ ನಾ ಮೊದಲು ಅಂತಾನ. ಕೊಕ್ಕು ಅಕಿನs ಕದ್ದಾಳ ಅಂತಾನ. ಅಂವನ ಮಾತಿಗೆ ಹತ್ತು ಸಾಕ್ಷಿ ಹುಟ್ಟತಾವು. ನನಗ ಯಾರದಾರು?" ಅಂದಳು ಗೋದುಬಾಯಿ. "ಅಂಗಡಿ ಹೋದ್ರ ಹೋಗಲಿ ಅನ್ನಾಕ ಆಗೂದಿಲ್ಲ ಲಗಮಣ್ಣಾ. ಈ ಹೆಸರಿನ ಮ್ಯಾಲ ಆರು ಮನಿ ಒಲಿ ಉರೀತಾವು. ನಂದು ಸೇರಿ ಏಳು."

ಅವಳ ಕಣ್ಣಲ್ಲಿ ನೀರಿತ್ತು. ಖಾರದ್ದಿರಬಹುದು ಅಂತ ನಾನು ಅತ್ತ ನೋಡಲಿಲ್ಲ.

"ಚಿತ್ರ ಇರಲಿ, ಖಾರ ಹೆಂಗ ಐತಿ? ರುಚೀನೂ ಕದ್ದಾನೇನು?"

"ಮುಕ್ಕಾಲು ಕದ್ದಾನ. ವಾಸನಿ ನಂದ. ಆದ್ರ ಎಲ್ಲೋ ಕೆಟ್ಟೈತಿ. ಬಾಯಿ ಒಗರ ಒಗರ ಆಗತೈತಿ."

"ನಿಮ್ಮ ಗುಟ್ಟು ಹೊರಗ ಹೆಂಗ ಹೋತು?"

ಗೋದುಬಾಯಿ ಗೋಡೆಗೆ ಆನಿಸಿಟ್ಟಿದ್ದ ಒಂದು ಒನಕೆಯತ್ತ ನೋಡಿದಳು.

"ಕಾತರಿನಾ," ಅಂದಳು.

ಕಾತರಿನಾ ಸಿದ್ದಿ ಹೆಂಗಸು. ಶೆಡ್ಡು ಶುರುವಾದ ದಿನದಿಂದ ಇದ್ದವಳು. ಅಲ್ಲಿ ಕೆಲಸಕ್ಕೆ ಸೇರುವವರು ಎಲ್ಲವ್ವನ ಅರಿಸಿನ ಭಂಡಾರ ಮುಟ್ಟಿ, ಗುಟ್ಟು ಬಿಡುವುದಿಲ್ಲ ಎಂದು ಆಣೆ ಮಾಡಬೇಕು. ಕಾತರಿನಾ ತನ್ನ ಕೊರಳ ಶಿಲುಬೆ ಹಿಡಿದು ಆಣೆ ಮಾಡಿದ್ದಳು. ಸಾವಕಾರನ ಪೊಟ್ಟಣ ಪೇಟೆಗೆ ಬಂದ ವಾರ ಗೋದುಬಾಯಿ ಎಲ್ಲರಿಗೂ ಎರಡನೇ ಸಲ ಆಣೆ ಮಾಡಿರೆಂದಳು. ಉಳಿದವರು ಮಾಡಿದರು. ಕಾತರಿನಾ ಒನಕೆಯನ್ನು ಗೋಡೆಗೆ ಆನಿಸಿಟ್ಟು, ಸೆರಗು ಝಾಡಿಸಿಕೊಂಡು ಹೊರಟುಹೋದಳು.

"ಕದ್ದಿರದಿದ್ರ ಯಾಕ ಹೋಗತಿದ್ಲು?" ಅಂದಳು ಗೋದುಬಾಯಿ.

"ಗುಟ್ಟು ಎಲ್ಲಿಟ್ಟೀರಿ, ಅದನ್ನ ತೋರಸ್ರಿ."

"ಇಟ್ಟಿಲ್ಲ. ಹಾಡತೇವಿ."

ಮೂಗಿಗೆ ಟವೆಲ್ ಕಟ್ಟಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತೆ. ಖಾರ ಕುಟ್ಟುವಾಗ ಗಂಡಸರು ಆ ಕಡೆ ಸುಳಿಯುವುದಿಲ್ಲ. ಮರ್ಯಾದೆಗಲ್ಲ, ಕೆಮ್ಮಿಗೆ. ಹೆಂಗಸರು ಒರಳಿನ ಸುತ್ತ ನಿಂತು ಒನಕೆ ಎತ್ತಿದರು. ಹಾಡು ಶುರುವಾಯಿತು. ಒಂದೊಂದು ನುಡಿಗೆ ಒಂದೊಂದು ಸಾಮಾನು ಬೀಳುತ್ತದೆ. ಹಾಡು ಮುಗಿದರೆ ಖಾರವೂ ಮುಗಿದ ಹಾಗೆ. ಒಬ್ಬೊಬ್ಬಳು ತನ್ನ ಪಾಲಿನ ಒಂದೊಂದೇ ನುಡಿ ಹಾಡುತ್ತಾಳೆ. ಪೂರ್ತಿ ಹಾಡು ಬಾಯಿಪಾಠ ಇದ್ದದ್ದು ಗೋದುಬಾಯಿಗೆ ಮತ್ತು ಕಾತರಿನಾಗೆ ಮಾತ್ರ.

ಹಾಡು ಹೇಗಿದೆ ಅಂತ ನೀವು ಆಗಲೇ ಎರಡು ಸಲ ಕೇಳಿದಿರಿ. ಹೇಳುತ್ತೇನೆ ಇರಿ.

ಬ್ಯಾಡಗಿ ಸೊಸಿ ಬಂದ್ಲು, ಬಿಸಿಲಾಗ ಕುಂದ್ರಿಸs
ಕೊತ್ತಂಬ್ರಿ ನಾದಿನಿ ಜತಿಗಿರಲಿ
ಕೊಬ್ಬರಿ ಅತ್ತೀನ ಕೆಂಪಾಗತನ ಹುರಿಯs
ಬಳ್ಳೊಳ್ಳಿ ಮೈದುನ ಸಿಪ್ಪಿ ಸಹಿತ
ಗಸಗಸಿ ಕೂಸೀಗಿ ಬೆಚ್ಚಗ ಮಾಡವ್ವ
ಕಲ್ಲ ಹೂ ಮಾವಯ್ಯ ಕಡಿಗೆ ಬರಲಿ
ಪಟಕದ ಹರಳೊಂದು ಹಾಕಿ ಕೈ ಮುಗಿಯs
ಮನಿ ತುಂಬ ಮಂದೀಗಿ ಸುಖವಿರಲಿ

ಕೊನೆಯ ನುಡಿ ಬಂದಾಗ ಗೋದುಬಾಯಿ ಮಡಿಲಿನಿಂದ ಒಂದು ಪಟಕದ ಹರಳು ತೆಗೆದಳು. ಒರಳಿನ ಸುತ್ತ ನಿವಾಳಿಸಿ ಇಳಿ ತೆಗೆದು, ಹಿಂದೆ ಉರಿಯುತ್ತಿದ್ದ ಒಲೆಗೆ ಎಸೆದು ಕೈ ಮುಗಿದಳು. ಪಟಕ ಚಟಪಟ ಅಂದು ಹಿಗ್ಗಿತು.

"ಇದೇನು?"

"ದೃಷ್ಟಿ. ಖಾರಕ್ಕ ಕಣ್ಣು ಬೀಳಬಾರದು ಅಂತ. ಇದು ಕಾತರಿನಾಳ ಕೆಲಸ. ಅಕಿ ಕೈಗುಣ ಚೊಲೋ..." ಅಲ್ಲಿಗೆ ನಿಲ್ಲಿಸಿದಳು. ಸಿಟ್ಟು ಬಂದವರ ಹೆಸರಿನ ಜೊತೆ ಒಳ್ಳೆಯ ಮಾತು ಬಂದರೆ ಯಾರಿಗಾದರೂ ಇರುಸುಮುರುಸು.

ನಾನು ಶೆಡ್ಡಿನ ಗೋಡೆ ನೋಡುತ್ತ ಬಂದೆ. ಮಣ್ಣಿನ ಗೋಡೆ. ಒಂದು ಕಡೆ, ಕೂತವನ ಕಿವಿಯ ಎತ್ತರಕ್ಕೆ, ತೂತು ಕೊರೆದು ಅರಿವೆ ತುರುಕಿದ್ದರು.

"ಗೋಡಿ ಆಚೆ ಯಾರದಾರು?"

"ಈಗ ಯಾರೂ ಇಲ್ಲ. ಮೊದಲು ಟೇಲರ್ ಇದ್ದ, ಮುದಕಪ್ಪಂತ. ಹಳಿಯಾಳದಾಂವ."

"ಯಾರದರೆ ಅಂಗಿ ಹೊಲದಾನೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದ್ದೂ ಹೊಲಿದಿರಲಿಲ್ಲ.

ಅಲ್ಲಿಂದ ತೇರಗಾಂವಕ್ಕೆ ಹೋದೆ. ಕಾತರಿನಾ ತಂಗಿಯ ಮನೆಯ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಬಾಯಿ ಕಳಿಸಿದ್ರೇನು?"

"ಇಲ್ಲ. ನಾನs ಬಂದೆ. ಟೇಲರ್ ಮುದಕಪ್ಪನ ಬಗ್ಗೆ ಕೇಳೂದಿತ್ತು."

"ಅಂವಾ ಎಂಥಾ ಟೇಲರು! ಮಷೀನಿಗೆ ದಾರಾನ ಇರಲಿಲ್ಲ. ನಾವು ಹಾಡು ಹಿಡಿಯೂ ತನಕ ಗರಗರ ತಿರಗಸ್ತಿದ್ದ. ಹಾಡು ಶುರು ಆತು ಅಂದ್ರ ಬಂದ್. ಬಾಯಿಗೆ ಹೇಳಿದೆ. ಪಾಪ, ಹಾಡು ಕೇಳತಾನ ಬಿಡು ಅಂದ್ರು."

"ಇದನ್ನ ಆಣಿ ಮಾಡೂ ದಿನಾ ಮತ್ತ ಹೇಳಬೇಕಿತ್ತು."

"ಯಾಕ ಹೇಳಲಿ?" ಈಗ ತಲೆ ಎತ್ತಿದಳು. "ಒಮ್ಮೆ ಶಿಲುಬಿ ಹಿಡಿದೇನಿ. ಮತ್ತೊಮ್ಮೆ ಹಿಡಿ ಅಂದ್ರ ಮೊದಲಿಂದು ಸುಳ್ಳು ಅಂದಂಗ ಆತಿಲ್ಲ? ಎಷ್ಟು ವರ್ಷ ಅಕಿ ಒಲಿ ಮುಂದ ಕಣ್ಣು ಸುಟಕೊಂಡೇನಿ ನಾ. ಕೊಳ್ಳ ಕೊಯ್ದಿದ್ರೂ ಇಷ್ಟು ಉರೀತಿರಲಿಲ್ಲ."

"ಹಳಿಯಾಳಕ್ಕ ಬಂದು ಒಂದು ಸಾಕ್ಷಿ ಹೇಳತೀಯೇನು?"

"ಬಾಯಿ ತಾನs ಬಂದು ಕರೀಲಿ," ಅಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ಆ ಮಧ್ಯಾಹ್ನವೇ ನಾನು ಹಳಿಯಾಳಕ್ಕೆ ಬಂದದ್ದು. ಸಾವಕಾರ ಗೋದಾಮಿನಲ್ಲಿ ಏನೇನು ಇಟ್ಟಿದ್ದಾನೆ ನೋಡೋಣ ಅಂತ ಹಮಾಲರ ಜೊತೆ ಚೀಲ ಹೊತ್ತು ಒಳಗೆ ನುಗ್ಗಿದೆ. ಮುದಕಪ್ಪ ನನ್ನ ಬೂಟು ನೋಡಿದ. ಹಮಾಲರು ಬೂಟು ಹಾಕುವುದಿಲ್ಲ. ಗೋದುಬಾಯಿ ನನ್ನನ್ನು ಕರೆಸಿದ ಸುದ್ದಿಯೂ ನನಗಿಂತ ಮೊದಲೇ ಹಳಿಯಾಳ ತಲುಪಿತ್ತು. ಹೊರಗೆ ಚಿಲಕ ಬಿತ್ತು.

ಹಾಗೆ ಈಗ ನೆಲದ ಮೇಲೆ ಮಲಗಿ ಬಾಯಲ್ಲಿ ಪಟಕ ಇಟ್ಟುಕೊಂಡಿದ್ದೇನೆ.

ಈಶಪ್ಪ ಸಾವಕಾರ ಹಾಡನ್ನು ಪೂರ್ತಿ ಕದ್ದಿದ್ದ. ಆದರೆ ಮುದಕಪ್ಪ ಕೇಳಿದ್ದನೇ ಹೊರತು ನೋಡಿರಲಿಲ್ಲ. ಉಳಿದ ಸಾಮಾನು ಎಲ್ಲರ ಮನೆಯ ಖಾರದಲ್ಲೂ ಇರುತ್ತದೆ. ಪಟಕ ಇರುವುದಿಲ್ಲ. ಹಾಗಾದರೆ ಇದೇ ಗುಟ್ಟು ಎಂದು ಸಾವಕಾರ ತಿಳಿದ. ಒಂದು ಹರಳು ಹಾಕಿದರೆ ಇಷ್ಟು ಹೆಸರು, ಜಾಸ್ತಿ ಹಾಕಿದರೆ ಇನ್ನೂ ಹೆಸರು ಎಂದು ಚೀಲವನ್ನೇ ತರಿಸಿದ್ದ. ವ್ಯಾಪಾರಿ ಬುದ್ಧಿ.

ಒಂದು ಹಿಡಿ ಹರಳನ್ನು ಜೇಬಿಗೆ ತುಂಬಿಕೊಂಡೆ.

ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಆಮೇಲೆ ಇನ್ನೊಬ್ಬರು. ಗಾಳಿ ತಿರುಗಿತ್ತು. ಮೆಣಸಿನಕಾಯಿ ಹೊಗೆಗೆ ಸಂಬಳ ಕೊಡುವವನು ಯಾರು ಅಂತ ಗೊತ್ತಾಗುವುದಿಲ್ಲ.

"ಏ ಮುದಕ್ಯಾ, ಅತ್ತ ಬೀಸು... ಅತ್ತ..." ಸಾವಕಾರನ ದನಿ ದೂರ ಹೋಯಿತು. ಮೊರ ಬಿದ್ದ ಸದ್ದು. ಮುದಕಪ್ಪ ಸೀನುತ್ತ ಓಡಿದ ಸದ್ದು.

ನಾನು ಉಸಿರು ಕಟ್ಟಿ ಚೀಲಗಳ ರಾಶಿ ಹತ್ತಿದೆ. ಮೇಲೆ ಹೊಗೆ ಗಟ್ಟಿಯಾಗಿತ್ತು. ಕಣ್ಣು ಮುಚ್ಚಿ ತಲೆಯಿಂದಲೇ ಹೆಂಚು ದೂಡಿದೆ. ಎರಡು ಹೆಂಚು ಸರಿದವು, ಮೂರನೆಯದು ಒಡೆಯಿತು. ಮಾಡಿನ ಮೇಲೆ ಬಿದ್ದುಕೊಂಡು ಗಾಳಿ ಕುಡಿದೆ. ಆಮೇಲೆ ಓಣಿಗೆ ಹಾರಿದೆ.

"ಅಗೋ ಅಲ್ಲಿ! ಹಿಡೀರಿ!" ಮುದಕಪ್ಪ ಕೂಗಿದ. ಅವನ ಹಿಂದೆ ಇಬ್ಬರು ಹಮಾಲರು.

ಓಡಿದೆ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಇನ್ನೊಂದು ಸಂದಿಯಷ್ಟು ತೆರೆದಿತ್ತು. ಸಂತೆಯಲ್ಲಿ ಒಬ್ಬಳ ಬದನೆಕಾಯಿ ಬುಟ್ಟಿ ಉರುಳಿಸಿದೆ. ಅವಳು ನನ್ನ ಮೂರು ತಲೆಮಾರನ್ನು ಬೈದಳು, ಬದನೆಕಾಯಿ ತುಳಿದು ಬಿದ್ದ ಮುದಕಪ್ಪನದು ಅವಳ ಬಾಯಲ್ಲಿ ನಾಲ್ಕಾಯಿತು.

ಚಹಾದ ಅಂಗಡಿ ಮುಂದೆ ಬಿದಿರು ತುಂಬಿದ ಲಾರಿ. ಮುಂಡಗೋಡದ ಕಡೆಯಿಂದ ಮಿಲ್ಲಿಗೆ ಹೊರಟದ್ದು. ಡ್ರೈವರ್ ಮೌಲಾಸಾಬ ನನ್ನ ಹಳೆಯ ದೋಸ್ತ. ಅವನೂ ಸಿದ್ದಿ, ಕಾತರಿನಾಳ ಊರ ಕಡೆಯವನೇ. ಬಶಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ. ನನ್ನ ಮುಖ ನೋಡಿ ಬಶಿ ಕೆಳಗಿಟ್ಟ.

"ಯಾರರೆ ಸತ್ತಾರೇನು ಲಗಮಣ್ಣಾ? ಬಾಳ ಅತ್ತೀಯಲ್ಲ."

"ಸಾಯೂದು ಐತಿ. ನಡಿ ಹೋಗೂಣು, ಲಗೂನ."

ಲಾರಿ ದಾಂಡೇಲಿ ರಸ್ತೆ ಹಿಡಿಯಿತು. ಊರು ದಾಟಿ ಕಾಡು ಶುರುವಾದಲ್ಲಿ ಹಿಂದೆ ಜೀಪು ಕಂಡಿತು. ಸಾವಕಾರನದು. ಮುದಕಪ್ಪ ಮುಂದೆ ಕೂತು ಕೈಯಲ್ಲಿ ಕಬ್ಬಿಣದ ಸಲಾಕೆ ಆಡಿಸುತ್ತಿದ್ದ.

"ಜೋರು ಹೊಡಿ," ಅಂದೆ.

"ಇದs ಜೋರು."

ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಗದಿದ್ದದ್ದೇ ದೊಡ್ಡದು.

"ಹಿಂದಿನ ಹಗ್ಗ ಕೊಯ್ಯಲೇನು?" ಅಂದೆ.

ಮೌಲಾಸಾಬ ಸ್ವಲ್ಪ ಯೋಚಿಸಿದ. "ಕೊಯ್ಯಿ. ಆದ್ರ ಬಿದ್ದ ಬಿದಿರು ತುಂಬಾಕ ನೀನ ಬರಬೇಕು. ನನಗ ಸೊಂಟಾ ಹಿಡದೈತಿ."

ಬಾಗಿಲಿನಿಂದ ಹೊರಗೆ ಜೋತು, ಬಿದಿರಿನ ಮೇಲೆ ಹತ್ತಿ ಹಿಂದಕ್ಕೆ ಹೋದೆ. ಜೀಪು ಹತ್ತಿರ ಬಂತು. ಸಲಾಕೆ ನನ್ನ ಕಾಲಿನ ಪಕ್ಕ ಬಿದಿರಿಗೆ ಬಡಿಯಿತು. ಚಾಕು ಹಾಕಿದೆ. ಹಗ್ಗ ಹರಿಯಿತು... ಅರ್ಧ ಲೋಡು ರಸ್ತೆಗೆ ಜಾರಿತು. ಜೀಪು ಬಿದಿರಿನ ಮೇಲೆ ಹತ್ತಿ, ಪಕ್ಕಕ್ಕೆ ವಾಲಿ, ಗಟಾರಕ್ಕೆ ಮೂಗಿಟ್ಟು ನಿಂತಿತು. ಮುದಕಪ್ಪ ಇಳಿದು ಸಲಾಕೆ ಎಸೆದ. ಅದು ನಮ್ಮ ತನಕ ಬರಲಿಲ್ಲ.

ಗೋದುಬಾಯಿಯ ಮುಂದೆ ಪಟಕದ ಹರಳು ಸುರಿದೆ. ಎಲ್ಲಿ ಸಿಕ್ಕಿತು ಅಂತ ಹೇಳಿದೆ. ಗೋಡೆಯ ತೂತು, ದಾರವಿಲ್ಲದ ಮಷೀನು ಎಲ್ಲ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೂತಲ್ಲೇ ಹಣೆ ಬಡಿದುಕೊಂಡಳು.

"ಅಕಿ ನನಗ ಮೊದಲs ಹೇಳಿದ್ಲು ಲಗಮಣ್ಣಾ. ನಾ ಕೇಳಲಿಲ್ಲ."

ಮರುದಿನ ಬೆಳಗಿನ ಬಸ್ಸಿಗೆ ತಾನೇ ತೇರಗಾಂವಕ್ಕೆ ಹೋದಳು. ನಾನು ಜೊತೆಗಿದ್ದೆ. ಕಾತರಿನಾ ಅದೇ ಕಟ್ಟೆಯ ಮೇಲಿದ್ದಳು.

"ತಪ್ಪಾತು ಕಾತರಿನಾ," ಅಂದಳು ಗೋದುಬಾಯಿ. "ಆಣಿ ಕೇಳಬಾರದಿತ್ತು. ನೀ ಹೋದ ದಿನದಿಂದ ನನಗ ಊಟ ಸೇರಿಲ್ಲ."

ಕಾತರಿನಾ ಕೈಯಲ್ಲಿದ್ದ ಹುಣಸೆಹಣ್ಣಿನ ಬೀಜ ಬಿಡಿಸಿ ಮುಗಿಸಿದಳು. ಆಮೇಲೆ ಹುಣಸೆಹಣ್ಣಿನ ಮರಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ಊಟ ಹೆಂಗ ಸೇರತೈತಿ ಬಾಯಿ? ದೃಷ್ಟಿ ನೀವs ತೆಗೆದಿರಬೇಕು. ನಿಮ್ಮ ಕೈಗುಣ ಸುಮಾರು."

ಇಬ್ಬರೂ ಅತ್ತರು. ನಾನು ಮತ್ತೆ ಅತ್ತ ನೋಡಲಿಲ್ಲ.

ಸೋಮವಾರ ಹಳಿಯಾಳದ ವಕೀಲ ಬಸಲಿಂಗಯ್ಯನವರ ಮನೆಯ ಪಡಸಾಲೆ. ಅವರು ಸಾವಕಾರನ ವಕೀಲರು. ನೋಟೀಸು ಕೊಟ್ಟದ್ದು ಅವರೇ. ದಾವೆಗೆ ಮೊದಲು ಎರಡೂ ಕಡೆಯವರು ಒಮ್ಮೆ ಕೂತು ಮಾತಾಡಲಿ ಎಂದು ಕರೆಸಿದ್ದರು. ಸಾವಕಾರ ಬಿಳಿ ಟೋಪಿ ಹಾಕಿಕೊಂಡು, ಹಸನ್ಮುಖಿಯಾಗಿ ಕೂತಿದ್ದ. ಬಾಗಿಲ ಹತ್ತಿರ ಮುದಕಪ್ಪ, ಹಣೆಗೆ ಪಟ್ಟಿ.

"ಏನವಾ," ವಕೀಲರು ಗೋದುಬಾಯಿಗೆ ಅಂದರು. "ಬೋರ್ಡ್ ಇಳಸತೀಯೋ, ಕೋರ್ಟಿಗೆ ಬರತೀಯೋ?"

"ಒಂದು ಮಾತು ಕೇಳಿ ಇಳಸತೇನ್ರಿ. ಸಾವಕಾರ್ರ ಖಾರದ ಗುಟ್ಟೇನು?"

"ಅದನ್ನ ನಿನಗ್ಯಾಕ ಹೇಳಬೇಕು?" ಸಾವಕಾರ ನಕ್ಕ.

ನಾನು ಜೇಬಿನಿಂದ ಒಂದು ಹರಳು ತೆಗೆದು ವಕೀಲರ ಮೇಜಿನ ಮೇಲಿಟ್ಟೆ. "ಇದು ನಿಮ್ಮ ಗೋದಾಮಿನ್ಯಾಗ ಸಿಕ್ತು ಸಾವಕಾರ್ರ. ಇದು ಖಾರಕ್ಕ ಹೌದೋ ಅಲ್ಲೋ?"

ಅವನು ಅಲ್ಲ ಅಂದಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನಿಗೆ ಅದೇ ಗುಟ್ಟು ಅನ್ನುವ ನಂಬಿಕೆ ಎಷ್ಟಿತ್ತೆಂದರೆ, ಮುಖ ಇನ್ನೂ ಅರಳಿತು.

"ನೋಡ್ರಿ ವಕೀಲರ, ಗೋದಾಮಿಗೆ ನುಗ್ಗಿ ಕದ್ದಾನ. ಹೌದೋ, ಇದs ನಮ್ಮ ಮನಿತನದ ಗುಟ್ಟು. ನಮ್ಮಜ್ಜ ಹಾಕತಿದ್ದ, ನಮ್ಮಪ್ಪ ಹಾಕತಿದ್ದ. ಇದಿಲ್ಲದ ಜೋಡಿ ಮಂಗಟ್ಟಿ ಖಾರ ಇಲ್ಲ."

ವಕೀಲರು ಹರಳು ಎತ್ತಿ ನೋಡಿದರು. ನಾಲಿಗೆಗೆ ಮುಟ್ಟಿಸಿದರು.

"ಪಟಕ?"

"ಪಟಕ," ಅಂದ ಸಾವಕಾರ ಹೆಮ್ಮೆಯಿಂದ.

ಒಳಮನೆಯ ಬಾಗಿಲಲ್ಲಿ ವಕೀಲರ ಹೆಂಡತಿ ನಿಂತಿದ್ದರು. "ಅದಕ್ಕs ಏನ್ರಿ ಹ್ವಾದ ವಾರ ಬ್ಯಾಳಿ ಸಾರು ನುಂಗಾಕ ಆಗಲಿಲ್ಲ?" ಅಂದರು.

"ಕಾತರಿನಾ, ಹಾಡು," ಅಂದಳು ಗೋದುಬಾಯಿ.

ಕಾತರಿನಾ ಕೂತಲ್ಲಿಂದಲೇ ಹಾಡಿದಳು. ಸೊಸೆ, ನಾದಿನಿ, ಅತ್ತೆ, ಮೈದುನ... ಒಂದೊಂದು ಸಾಮಾನು ಬರುತ್ತಿದ್ದಂತೆ ಸಾವಕಾರನ ಕಾಲು ಅಲುಗಾಡುವುದು ನಿಂತಿತು. ಕೊನೆಯ ನುಡಿಗೆ ಅವಳು ಎದ್ದಳು. ಮೇಜಿನ ಮೇಲಿನ ಹರಳು ತೆಗೆದುಕೊಂಡಳು. ಗೋದುಬಾಯಿಯ ತಲೆಯ ಸುತ್ತ ಇಳಿ ತೆಗೆದಳು. ವಕೀಲರ ಹೆಂಡತಿಯನ್ನು ಕೇಳಿ ಒಳಗೆ ಹೋಗಿ ಅಡುಗೆಮನೆಯ ಒಲೆಗೆ ಎಸೆದು, ಕೈ ಮುಗಿದು ಬಂದಳು. ಪಟಕ ಸಿಡಿದ ಸದ್ದು ಪಡಸಾಲೆಗೆ ಕೇಳಿಸಿತು.

"ಪಟಕ ಒಲಿಗ್ರೀ ಸಾವಕಾರ್ರ," ಅಂದಳು ಗೋದುಬಾಯಿ. "ಬಾಯಿಗಲ್ಲ."

"ಟೇಲರ್ ಸಾಹೇಬರು ಗೋಡಿ ತೂತಿನಾಗ ಕಿವಿ ಇಟ್ಟಿದ್ರು. ಕಣ್ಣು ಇಟ್ಟಿದ್ರ ತಿಳೀತಿತ್ತು," ಅಂದೆ ನಾನು.

ಬಸಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿದರು. ಬಹಳ ನಿಧಾನವಾಗಿ ಒರೆಸಿದರು.

"ಈಶಪ್ಪಾ, ನಿಮ್ಮಜ್ಜ ಖಾರದಾಗ ಪಟಕ ಹಾಕತಿದ್ದ ಅಂತ ಜಡ್ಜ್ ಮುಂದ ನಾ ಹೇಳಬೇಕೇನು?"

ಸಾವಕಾರ ಮುದಕಪ್ಪನನ್ನು ನೋಡಿದ. ಮುದಕಪ್ಪ ಬಾಗಿಲನ್ನು ನೋಡಿದ. ಆಮೇಲೆ ಬಾಗಿಲಲ್ಲಿ ಮುದಕಪ್ಪ ಇರಲಿಲ್ಲ.

"ಮುಂಬೈ ಅರ್ಜಿ ಹಿಂದಕ್ಕ ತಗೋ," ಅಂದರು ವಕೀಲರು. "ನಿನ್ನ ಅಚ್ಚು ತಂದು ಇಲ್ಲಿ ಕೊಡು. ಯವ್ವಾ ಗೋದುಬಾಯಿ, ಯಾರು ಮೊದಲು ಬಳಸ್ಯಾರೋ ಅವರದು ಗುರುತು, ಅದು ಖರೆ. ಆದ್ರ ನಾಳೆನs ನಿನ್ನ ಹೆಸರಿಲೆ ಅರ್ಜಿ ಹಾಕು. ಸುಮ್ಮನ ಕೂತ್ರ ಮತ್ತೊಬ್ಬ ಈಶಪ್ಪ ಹುಟ್ಟತಾನ."

"ಅರ್ಜಿ ನೀವs ಬರದು ಕೊಡ್ರಿ," ಅಂದಳು ಗೋದುಬಾಯಿ. "ಫೀ ಬದಲಿ ಖಾರ ಕೊಡತೇನಿ. ಪಟಕ ಇಲ್ಲದ್ದು."

ವಕೀಲರ ಹೆಂಡತಿ ಗಂಡನಿಗಿಂತ ಮೊದಲು ಒಪ್ಪಿದರು.

ಅರ್ಜಿ ಹೋಯಿತು. ಬಹಳ ದಿನ ಕಾದ ಮೇಲೆ ಗುರುತು ರಿಜಿಸ್ಟರ್ ಆಯಿತು, ಮುರಿದ ಕೊಕ್ಕಿನ ಸಮೇತ. ಹೊಸ ಅಚ್ಚು ಮಾಡಿಸಿಕೊಡುತ್ತೇನೆ ಅಂದೆ. ಗೋದುಬಾಯಿ ಬೇಡ ಅಂದಳು. ಶೆಡ್ಡಿನ ಮಣ್ಣಿನ ಗೋಡೆಗೆ ಕಲ್ಲು ಕಟ್ಟಿಸಿದಳು. ಆಣೆಯನ್ನು ಒಂದೇ ಸಲ ಮಾಡಿಸುತ್ತಾಳೆ. ಮೌಲಾಸಾಬನ ಬಿದಿರು ತುಂಬಲು ನಾನೇ ಹೋಗಬೇಕಾಯಿತು. ಸೊಂಟ ಹಿಡಿದದ್ದು ಅವನಿಗಲ್ಲ, ನನಗೆ ಅಂತ ಆಮೇಲೆ ಗೊತ್ತಾಯಿತು.

ಹಾಡಿನ ಜೊತೆ ಒರಳಿಗೆ ಏನೇನು ಬೀಳುತ್ತದೆ ಎಂದು ಕಣ್ಣಾರೆ ನೋಡಿದ ಹೊರಗಿನ ಗಂಡಸು ನಾನೊಬ್ಬನೇ. ಹಾಗಾಗಿ ಗೋದುಬಾಯಿ ನನ್ನ ಕೈಯಲ್ಲೂ ಭಂಡಾರ ಮುಟ್ಟಿಸಿದಳು.

ಏನು, ಎದ್ದೇಬಿಟ್ಟಿರಿ? ಚಹಾ ಹಾಗೇ ಇದೆ. ಹಾಡನ್ನು ಆಗಲೇ ಬಾಯಿಪಾಠ ಮಾಡಿಕೊಂಡ ಹಾಗಿದೆ, ತುಟಿ ಅಲ್ಲಾಡುತ್ತಿದೆ. ಹೋಗಿ ಬನ್ನಿ. ನಿಮ್ಮ ಖಾರದ ಅಂಗಡಿಗೆ ಒಳ್ಳೆಯದಾಗಲಿ.

ಪಟಕ ಒಲೆಗೆ ಅನ್ನುವುದು ಈಗ ನಿಮಗೆ ಗೊತ್ತಿದೆ. ಅದನ್ನು ಬಿಟ್ಟು ಆ ಹಾಡಿನಲ್ಲಿ ಗೋದುಬಾಯಿ ಹಾಕದ ಇನ್ನೊಂದು ಸಾಮಾನು ನಾನೇ ಸೇರಿಸಿದ್ದೇನೆ, ನಿಮ್ಮ ಪೊಟ್ಟಣ ಪೇಟೆಗೆ ಬಂದ ದಿನ ಮೊದಲು ರುಚಿ ನೋಡುವವನೂ ನಾನೇ.